ಚೌಕಾಸಿಗೆ ಮುರಿದ ರೆಂಬೆ

ನಂಗಲಿ ಹತ್ತಿರ ನೀಲಗಿರಿ ತೋಪೊಂದರ ವ್ಯಾಪಾರಕ್ಕೆ ಹೋಗಿದ್ದೆ. ಎಲೆಗಳಲ್ಲೆಲ್ಲ ಗಂಟು. ಬೆಲೆ ಇಳಿಸೋಕೆ ಒಳ್ಳೇ ನೆಪ ಸಿಕ್ಕಿತೆಂದು ಒಂದು ರೆಂಬೆ ಮುರಿದು ತೋಪಿನ ಯಜಮಾನರ ಮುಂದೆ ಹಿಡಿದೆ.

"ಅಣ್ಣಾ, ಈ ರೋಗದ ಮರ ಯಾರು ತಗೋತಾರೆ?"

"ಬಲೇ ಕಿಲಾಡಿ ಕಣಪ್ಪಾ ನೀನು," ಅಂತ ಅವರು ಬೆಲೆ ಇಳಿಸಿದರು.

ಇನ್ನೊಂದು ತೋಪಲ್ಲೂ ತೋರಿಸೋಣವೆಂದು ಆ ರೆಂಬೆ ತಂದು ನನ್ನದೇ ನೀಲಗಿರಿ ತೋಪಿನ ಪಂಪ್‌ಶೆಡ್ಡಲ್ಲಿಟ್ಟೆ. ನಾಲ್ಕನೇ ದಿನ ಹೆಂಡತಿ ಕರೆದಳು. "ಏನ್ರೀ, ಗಂಟಿಗೆಲ್ಲ ಸೂಜಿ ಚುಚ್ಚಿದಂಗೆ ತೂತು ಬಿದ್ದಿದೆ!"

ಒಳಗೆ ಬೆಳೆದಿದ್ದ ಎಳ್ಳಿಗಿಂತ ಸಣ್ಣ ಕಣಜಗಳು ಹಾರಿಹೋಗಿದ್ದವು. ಅವು ಮೊಟ್ಟೆಯಿಟ್ಟು ಗಂಟು ಎಬ್ಬಿಸೋದು ಎಳೆ ಚಿಗುರಲ್ಲೇ. ಹೊರಗೆ ನನ್ನ ತೋಪಿನ ಕಡಿದ ಬುಡಗಳಲ್ಲಿ ಆಗಷ್ಟೇ ಚಿಗುರು ಬಂದಿತ್ತು. ನನ್ನ ಮುಂದಿನ ಕಟಾವೇ ಅದು.

ರೋಗದ ತೋಪಿನಿಂದ ಒಂದೆಲೆಯನ್ನೂ ತರಬೇಡಿ ಅಂತ ಸಿಕ್ಕವರಿಗೆಲ್ಲ ಹೇಳ್ತೀನಿ. ದಿನಾ ಬೆಳಗ್ಗೆ ನನ್ನ ಚಿಗುರನ್ನು ಬೆರಳಲ್ಲಿ ಸವರಿ ನೋಡ್ತೀನಿ. ಇನ್ನೂ ನುಣುಪಾಗಿದೆ. ಆದರೂ ಪ್ರತಿ ಎಲೆಯನ್ನೂ ಮಗುಚಿ ಇನ್ನೊಂದ್ಸಲ ನೋಡ್ತೀನಿ.