ಮಲಗೋ ಗಾಡಿಗೊಂದು ಶಾಸನ

ಕಳ್ಳರ ಬಗ್ಗೆ ನಾನು ಯೋಚನೆ ಮಾಡಿದಷ್ಟು ಯಾವ ಕಳ್ಳನೂ ನನ್ನ ಬಗ್ಗೆ ಮಾಡಿರಲ್ಲ. ಇದನ್ನ ಮೊದಲೇ ಒಪ್ಕೊಂಡುಬಿಡ್ತೀನಿ. ಅರಸೀಕೆರೇಲಿ ಕೊಬ್ಬರಿ ವ್ಯಾಪಾರ ಮಾಡ್ಕೊಂಡಿರೋ ನಾನು ಐವತ್ತೆಂಟು ವರ್ಷ ಯಾವ ವಸ್ತು ಮೇಲೂ ಅಂಥಾ ಆಸೆ ಇಟ್ಕೊಂಡೋನಲ್ಲ. ಛತ್ರಿ ಕಳೆದ್ರೆ ಇನ್ನೊಂದು ತಗೊಂಡೆ. ದೇವಸ್ಥಾನದ ಮುಂದೆ ಚಪ್ಪಲಿ ಮಾಯ ಆದ್ರೆ, ಪಾಪ ಯಾರಿಗೋ ಕಾಲು ಸುಡ್ತಿತ್ತೇನೋ ಅಂದ್ಕೊಂಡು ಬರಿಗಾಲಲ್ಲಿ ಮನೆಗೆ ಬಂದೆ. ಅಂಥೋನು ಒಂದು ಗಾಡಿ ಮಾಡಿಸಿದ್ಮೇಲೆ, ಊರಲ್ಲಿ ಜೀಪ್ ಇಟ್ಕೊಂಡಿರೋರನ್ನೆಲ್ಲ ಒಂಥರಾ ನೋಡಕ್ಕೆ ಶುರು ಮಾಡ್ದೆ.

ಗಾಡಿ ಅಂದ್ರೆ ದೊಡ್ಡದೇನಲ್ಲ. ಎರಡು ಚಕ್ರ, ಅದರ ಮೇಲೆ ತಗಡಿನ ಗೂಡು. ಒಳಗೆ ಇಬ್ಬರು ಮಲಗೋಷ್ಟು ಮಂಚ. ಹಿಂದಿನ ಬಾಗಿಲು ಎತ್ತಿದ್ರೆ ಒಂದು ಒಲೆ, ನೀರಿನ ಕ್ಯಾನು, ಕಾಫಿಪುಡಿ ಸಕ್ಕರೆ ಡಬ್ಬಿ ಇಡೋಕೆ ಜಾಗ. ಜೀಪಿನ ಹಿಂದಿನ ಕೊಕ್ಕೆಗೆ ಸಿಗಿಸಿದ್ರೆ ಮನೆ ನಮ್ಮ ಹಿಂದೆ ಹಿಂದೇನೇ ಬರುತ್ತೆ. ಫಾರಿನ್‌ನೋರು ಇಂಥದ್ರಲ್ಲಿ ಊರೂರು ಸುತ್ತೋದನ್ನ ಮೊಬೈಲಲ್ಲಿ ನೋಡಿ, ನಮ್ಮ ವೆಲ್ಡಿಂಗ್ ಅಂಗಡಿ ರಫೀಕಣ್ಣಂಗೆ ತೋರಿಸ್ದೆ. ಅವರು ಕನ್ನಡಕ ಏರಿಸ್ಕೊಂಡು ನೋಡಿ, "ಇದೇನ್ ಸ್ವಾಮಿ, ಕೋಳಿಗೂಡಿಗೆ ಚಕ್ರ ಹಾಕ್ದಂಗೈತೆ" ಅಂದ್ರು. ಅಂದ್ರೂ ಚೆನ್ನಾಗೇ ಮಾಡ್ಕೊಟ್ರು. ನಾವು ಅದಕ್ಕೆ ಮಲಗೋ ಗಾಡಿ ಅಂತ ಹೆಸರಿಟ್ವಿ.

ಮಾಡಿಸಿದ್ದು ನನಗಲ್ಲ, ನನ್ನ ಹೆಂಡತಿ ಸರ್ವಮಂಗಳಂಗೆ. ಅವಳ ತವರು ಹಳೇಬೀಡಿನ ಹತ್ರ ಹುಲಿಕೆರೆ. ಅಲ್ಲೊಂದು ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಸುತ್ತಾ ಕಲ್ಲಿನ ಮೆಟ್ಲು, ಮೆಟ್ಲ ಮೇಲೆ ಪುಟ್ಟ ಪುಟ್ಟ ಗುಡಿ. ಮಗು ಆಗಿದ್ದಾಗ ಇಸ್ಕೂಲಿಗೆ ಹೋಗೋ ಮುಂಚೆ ದಿನಾ ಆ ಮೆಟ್ಲು ಇಳಿದು ನೀರಿಗೆ ಕಾಲು ಬಿಟ್ಕೊಂಡು ಕೂರ್ತಿದ್ಲಂತೆ. ಈಗ ಅವಳ ಅಣ್ಣಂದಿರು ಬಿಕ್ಕೋಡು ಕಡೆ ಸೇರ್ಕೊಂಡಿದಾರೆ. ಹುಲಿಕೆರೇಲಿ ಉಳಿಯೋಕೆ ಮನೆ ಇಲ್ಲ. "ಬೆಳಗ್ಗೆ ಹೋಗಿ ಸಾಯಂಕಾಲ ಬಂದ್ರಾಯ್ತು, ಅದಕ್ಯಾಕೆ ಅಷ್ಟು ಕೊರಗ್ತೀಯ?" ಅಂತ ಒಂದ್ಸಲ ಕೇಳ್ದೆ.

"ಹೋಗಿ ಬರೋದು ಬೇರೆ ಕಣ್ರೀ, ಅಲ್ಲಿ ಎದ್ದೇಳೋದು ಬೇರೆ" ಅಂದ್ಲು.

ಅವಳಿಗೆ ಮಂಡಿ ನೋವು ಬೇರೆ. ಡಾಕ್ಟರು ನೋಡಿ, ಮೆಟ್ಲು ಹತ್ತಿ ಇಳಿಯೋದೆಲ್ಲ ಬೇಗ ಮುಗಿಸ್ಕೊಳಿ ತಾಯಿ, ಮುಂದೆ ಕಷ್ಟ ಆಗುತ್ತೆ ಅಂದಿದ್ರು. "ಈ ವರ್ಷ ಇಳಿದ್ರೆ ಇಳಿದೆ. ಬರೋ ವರ್ಷಕ್ಕೆ ಮೆಟ್ಲಿರುತ್ತೆ, ಮಂಡಿ ಇರಲ್ಲ" ಅಂತ ನಗ್ತಾನೇ ಹೇಳಿದ್ಲು. ಅದಕ್ಕೆ ಗಾಡಿ. ಬರೋ ಶನಿವಾರ ಹೋಗೋಣ ಅಂತ ಮಾತಾಯ್ತು.

ಅದೇ ವಾರ ಪೇಟೇಲಿ ಯಾರೋ ಹೇಳಿದ್ರು, ಪಕ್ಕದ ಊರಲ್ಲಿ ತೋಟದ ಮುಂದೆ ನಿಲ್ಲಿಸಿದ್ದ ನೀರಿನ ಟ್ಯಾಂಕರ್ ಗಾಡೀನ ಹಾಡಹಗಲಲ್ಲೇ ಯಾರೋ ಜೀಪಿಗೆ ಸಿಗಿಸ್ಕೊಂಡು ಹೋದ್ರಂತೆ ಅಂತ. ಮನೆಗೆ ಓಡಿ ಬಂದು ಗಾಡಿ ಇದೆಯಾ ಅಂತ ನೋಡ್ದೆ. ನೀವೇ ಯೋಚನೆ ಮಾಡಿ. ಕಾರಿಗಾದ್ರೆ ಕೀಲಿ ಇದೆ, ಸ್ಟಿಯರಿಂಗ್ ಇದೆ, ಕದಿಯೋಕೆ ಒಂದಿಷ್ಟು ವಿದ್ಯೆನಾದ್ರೂ ಬೇಕು. ಈ ಗಾಡಿಗೆ ಏನಿದೆ? ಹಗ್ಗ ಹಿಡ್ದೋರ ಹಿಂದೆ ಹೋಗೋ ಕರು ಇದ್ದಂಗೆ. ನನ್ನ ಜೀಪು, ಇನ್ನೊಬ್ಬರ ಜೀಪು ಅನ್ನೋ ಭೇದ ಅದಕ್ಕಿಲ್ಲ.

ಸರಿ, ಕೊಕ್ಕೆಗೆ ಒಂದು ಬೀಗ ತಂದೆ. ಬೀಗ ಒಡೆದ್ರೆ ಅಂತ ಅನುಮಾನ ಬಂತು, ಸರಪಣಿ ತಂದು ಹಿತ್ತಲ ತೆಂಗಿನ ಮರಕ್ಕೆ ಬಿಗಿದೆ. ಮೂರನೇ ದಿನ ಮರದಿಂದ ಒಂದು ಕಾಯಿ ಬಿದ್ದು ಗಾಡಿ ನೆತ್ತಿ ತಗ್ಗಾಯ್ತು. ಜೀವಮಾನ ಎಲ್ಲಾ ಕೊಬ್ಬರಿ ಮುಟ್ಟಿದೋನಿಗೆ ತೆಂಗಿನಕಾಯಿ ಮೇಲಿಂದ ಬೀಳುತ್ತೆ ಅನ್ನೋದು ಹೊಳೀಲಿಲ್ಲ ನೋಡಿ. ಆಮೇಲೆ ಒಂದು ದನದ ಗಂಟೆ ಕಟ್ಟಿದೆ, ಯಾರಾದ್ರೂ ಅಲ್ಲಾಡಿಸಿದ್ರೆ ಕೇಳ್ಲಿ ಅಂತ. ಗಾಳಿ ಬಂದಾಗೆಲ್ಲ ಬಾರಿಸೋದು. ಪಕ್ಕದ ಮನೆ ಚನ್ನಮ್ಮಕ್ಕ ಕಾಂಪೌಂಡ್ ಮೇಲಿಂದ ಇಣುಕಿ, "ಏನಪ್ಪಾ, ಮಂಗಳಾರತಿ ಆಯ್ತಾ?" ಅಂತ ಕೇಳೋರು.

ಕೊನೆಗೆ ಚಕ್ರಾನೇ ಬಿಚ್ಚಿಟ್ಟೆ. ಗಾಡಿ ಸೈಜುಗಲ್ಲಿನ ಮೇಲೆ, ಚಕ್ರ ನಮ್ಮ ಮಂಚದ ಕೆಳಗೆ. ಸರ್ವಮಂಗಳ ಕಸ ಗುಡಿಸೋವಾಗೆಲ್ಲ ಕಾಲ್ಬೆರಳು ಎಡವಿಸ್ಕೊಂಡು ಏನೂ ಹೇಳ್ತಿರಲಿಲ್ಲ. ಹೇಳಿದ್ರೇ ವಾಸಿ ಇತ್ತು. ಆ ಶನಿವಾರ ಹೋಯ್ತು, ಇನ್ನೊಂದೂ ಹೋಯ್ತು. ಹುಲಿಕೆರೇಲಿ ಗಾಡಿ ನಿಲ್ಲಿಸಿ ಇಬ್ರೂ ಕಲ್ಯಾಣಿಗಿಳಿದ್ರೆ ಮೇಲೆ ಕಾಯೋರು ಯಾರು ಅನ್ನೋದೇ ನನ್ನ ತಲೇಲಿ. ನಾಲ್ಕು ಶನಿವಾರ ಹೀಗೇ ಕಳೀತು.

ಅಷ್ಟರಲ್ಲಿ ನಂಜುಂಡಯ್ಯ ಮೇಷ್ಟ್ರ ಜೊತೆ ಹಳೇಬೀಡಿಗೆ ಒಂದು ಮದುವೆಗೆ ಹೋಗಬೇಕಾಯ್ತು. ಇವರು ನನಗೆ ನಲವತ್ತೊಂದನೇ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದೋರು. ನನಗಿಂತ ಆರು ವರ್ಷ ಚಿಕ್ಕೋರು, ಆದ್ರೂ ಇವತ್ತಿಗೂ ಅವರ ಮುಂದೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂರಲ್ಲ. ಊಟ ಆದ್ಮೇಲೆ ದಾರೀಲಿ ಒಂದು ಶಾಸನದ ಕಲ್ಲು ತೋರಿಸಿದ್ರು. ಮೇಲೆ ಸೂರ್ಯ, ಚಂದ್ರ, ಹಸು ಕರು ಕೆತ್ತಿದ್ರು. ಕೆಳಗೆ ಸಾಲು ಸಾಲು ಅಕ್ಷರ. ದೇವಸ್ಥಾನಕ್ಕೆ ಯಾರೋ ಗದ್ದೆ ಬಿಟ್ಟಿದ್ದು, ಕೊನೇಲಿ, ಇದನ್ನ ಕಿತ್ಕೊಂಡೋರಿಗೆ ಗಂಗೆ ದಡದಲ್ಲಿ ಹಸು ಕೊಂದ ಪಾಪ ಬರುತ್ತೆ ಅಂತ. ಎಷ್ಟೋ ಶಾಸನಗಳ ಕೊನೇಲಿ ಇಂಥದ್ದೊಂದು ಶಾಪ ಇರುತ್ತಂತೆ.

"ನೋಡಿ, ಬೀಗ ಇಲ್ಲ, ಬೇಲಿ ಇಲ್ಲ, ಬರೀ ಅಕ್ಷರ ಕಾಯ್ತಿತ್ತು" ಅಂದ್ರು ಮೇಷ್ಟ್ರು.

ಅವರು ಇತಿಹಾಸ ಹೇಳಿದ್ದು. ನಾನು ಪೇಂಟ್ ಅಂಗಡಿಗೆ ಹೋದೆ.

ಮಾರನೇ ದಿನ ಬೆಳಗ್ಗೆ ಗಾಡಿ ಎರಡೂ ಮಗ್ಗುಲಿಗೆ ಕೆಂಪು ಬಣ್ಣದಲ್ಲಿ ನಾನೇ ಬರೆದೆ: "ಇದು ಮಠದ ಸ್ವತ್ತು. ಮುಟ್ಟಿದವರಿಗೆ ಒಳ್ಳೆಯದಾಗುವುದಿಲ್ಲ." ಯಾವ ಮಠ ಅಂತ ಬರೀಲಿಲ್ಲ, ಅಷ್ಟು ಧೈರ್ಯ ಇರಲಿಲ್ಲ. ಅಕ್ಷರದ ಮೇಲೆ ಸೂರ್ಯ ಚಂದ್ರನೂ ಬರೆದೆ. ಸೂರ್ಯ ಪರವಾಗಿಲ್ಲ. ಚಂದ್ರ ಬಾಳೆಹಣ್ಣಾಯ್ತು. ನಮ್ಮ ಕಡೆ ಎಂಥಾ ಕಳ್ಳನಾದ್ರೂ ಮಠದ ವಸ್ತು ಮುಟ್ಟಲ್ಲ, ಅದು ನನಗೆ ಗೊತ್ತು. ಧೈರ್ಯ ಬಂತು. ಚಕ್ರ ಹಾಕ್ದೆ, ಸರಪಣಿ ಬಿಚ್ದೆ, ಗಂಟೆ ಇಳಿಸ್ದೆ, ಗಾಡೀನ ಮನೆ ಮುಂದಕ್ಕೆ ತಂದು ರಸ್ತೆ ಪಕ್ಕ ನಿಲ್ಲಿಸ್ದೆ. ಬಾಗಿಲಿಗೆ ಬೀಗಾನೂ ಹಾಕ್ಲಿಲ್ಲ. ಸರ್ವಮಂಗಳ ಓದಿ, "ಯಾಕ್ರೀ ಸುಳ್ಳು ಬರೀತೀರಾ?" ಅಂದ್ಲು. "ಶಾಸನ ಕಣೇ" ಅಂದೆ.

ಕಳ್ಳ ಬರಲಿಲ್ಲ. ಭಕ್ತರು ಬಂದ್ರು.

ಮೊದಲನೇ ದಿನ ಯಾರೋ ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟಿದ್ರು. ಎರಡನೇ ದಿನ ಒಬ್ಬ ಯಜಮಾನರು ಗಾಡಿ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ಮತ್ತೆ ಚಪ್ಪಲಿ ಹಾಕ್ಕೊಂಡು ಹೋದ್ರು. ಆಮೇಲೆ ಶುರುವಾಯ್ತು ನೋಡಿ. ಮಠದ ಗಾಡಿ ಬಂದಿದೆ, ದಾಸೋಹಕ್ಕೆ ಎತ್ಕೊಂಡು ಹೋಗುತ್ತೆ ಅಂತ ಸುದ್ದಿ. ಒಬ್ಬರು ರಾಗಿ ಮೂಟೆ ಒಳಗಿಟ್ಟು ಹೋದ್ರು. ಇನ್ನೊಬ್ಬರು ಬೂದುಗುಂಬಳ. ತೆಂಗಿನಕಾಯಂತೂ ರಾಶಿ. ನಾನು ಅಂಗಡಿಯಿಂದ ಬರೋದ್ರೊಳಗೆ ಮಂಚದ ಮೇಲೆ ಬೆಲ್ಲದ ಪಿಂಡಿ ಮಲಗಿರೋವು. ಬೇಡ ಅನ್ನೋಕೆ ಬಾಯಿ ಬರಲ್ಲ, ಬೇಡ ಅಂದ್ರೆ ನಿಜ ಹೇಳಬೇಕು.

ಶನಿವಾರ ಬಂತು. ಕಾಯಿ, ಮೂಟೆ ಎಲ್ಲಾ ನಡುಮನೆಗೆ ಇಳಿಸಿ, ಹಾಸಿಗೆ ದಿಂಬು ತಗೊಂಡು ಗಾಡಿ ಹತ್ರ ಬಂದ್ವಿ. ಚನ್ನಮ್ಮಕ್ಕ ಕಾಂಪೌಂಡ್ ಹತ್ರಾನೇ ನಿಂತಿದ್ರು.

"ಏನಪ್ಪಾ ಇದು, ಹಾಸಿಗೆ?"

"ಹುಲಿಕೆರೆಗೆ ಹೋಗ್ತಿದೀವಿ ಅಕ್ಕ. ಅಲ್ಲೇ ಮಲಗಿದ್ದು ಬರೋಣ ಅಂತ."

"ಮಠಕ್ಕೆ ಬಿಟ್ಕೊಟ್ಟಿರೋ ಗಾಡೀಲಿ?" ಅಕ್ಕ ಕೆನ್ನೆಗೆ ಕೈ ಇಟ್ಕೊಂಡ್ರು. "ಗಂಡ ಹೆಂಡ್ತಿ ಮಲಗಾದಾ? ಏನ್ ಬಂತಪ್ಪಾ ನಿಂಗೆ! ನಾನು ನೆನ್ನೆ ಅದ್ರೊಳಗೆ ಊದುಬತ್ತಿ ಹಚ್ಚಿ ಬಂದಿವ್ನಿ ಕಣಪ್ಪ!"

ದಿಂಬು ನನ್ನ ಕಂಕುಳಲ್ಲೇ ಇತ್ತು. ಅವರ ಮುಂದೆ ಆ ಗಾಡಿ ಬಾಗಿಲು ತೆಗೆಯೋಕೆ ನನ್ನ ಕೈಲಿ ಆಗಲಿಲ್ಲ. ವಾಪಸ್ ಒಳಗೆ ಬಂದ್ವಿ. ಸರ್ವಮಂಗಳ ಹಾಸಿಗೇನ ರಾಗಿ ಮೂಟೆ ಮೇಲೆ ಇಟ್ಲು. ಇಷ್ಟು ದಿನ ಏನೂ ಅನ್ನದೇ ಇದ್ದೋಳು ಅವತ್ತು ಅಂದ್ಲು.

"ಕಳ್ಳ ಹೊಡ್ಕೊಂಡೋಗಿದ್ರೆ ಪೊಲೀಸರಿಗಾದ್ರೂ ಕಂಪ್ಲೇಂಟ್ ಕೊಡ್ತಿದ್ದೆ. ನೀವೇ ಹೊಡ್ಕೊಂಡೋದ್ರಿ. ಯಾರ ಮೇಲೆ ಕೊಡ್ಲಿ ಹೇಳ್ರಿ?"

ಜೋರಾಗಿ ಹೇಳ್ಲಿಲ್ಲ. ಮಂಡಿ ಉಜ್ಜಿಕೊಳ್ತಾ ಹೇಳಿದ್ಲು. ನನಗೆ ಅವಳ ಮಾತಿಗಿಂತ ಆ ಕೈ ಕಣ್ಣಿಗೆ ಕಟ್ಟಿಬಿಡ್ತು. ನನ್ನ ಬೀಗದ ಲೆಕ್ಕಾಚಾರದಲ್ಲಿ ಐದು ಶನಿವಾರ ಹೋಗಿತ್ತು, ಆ ಮಂಡೀಲಿ ಉಳಿದಿರೋ ಶನಿವಾರ ಎಷ್ಟೋ ನನಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಕಾಯಿ, ರಾಗಿ, ಬೆಲ್ಲ, ಬೂದುಗುಂಬಳ ಎಲ್ಲಾ ಗಾಡಿಗೆ ತುಂಬಿ, ಊರಾಚೆ ನಮ್ಮ ಮನೆಯೋರು ಹಿಂದಿನಿಂದ ನಡ್ಕೊಳ್ಳೋ ಸಣ್ಣ ಮಠಕ್ಕೆ ಹೋದೆ. ಸರ್ವಮಂಗಳನೂ ಬಂದ್ಲು. ನಾನು ಏನು ಹೇಳ್ತೀನಿ ಅಂತ ಕೇಳಬೇಕಿತ್ತಂತೆ. ಸ್ವಾಮಿಗಳು ಜಗುಲಿ ಮೇಲೆ ಅವರೆಕಾಯಿ ಸುಲಿಯೋರ ಜೊತೆ ಕೂತು ತಾವೂ ಸುಲೀತಿದ್ರು. ಕಾಲಿಗೆ ಬಿದ್ದು ಎಲ್ಲಾ ಹೇಳ್ದೆ. ಟ್ಯಾಂಕರ್ ಗಾಡಿ, ಚಕ್ರ, ಶಾಸನ, ಊದುಬತ್ತಿ, ಒಂದನ್ನೂ ಬಿಡ್ಲಿಲ್ಲ.

ಸ್ವಾಮಿಗಳು ಎದ್ದು ಬಂದು ಗಾಡಿ ಸುತ್ತಾ ಒಂದು ಸುತ್ತು ಹಾಕಿದ್ರು. "ಇದೇನಪ್ಪಾ ಇದು, ಸೂರ್ಯನ ಪಕ್ಕ ಬಾಳೆಹಣ್ಣು?"

"ಚಂದ್ರ, ಬುದ್ಧೀ."

"ಓಹೋ." ಇನ್ನೊಂದು ಸಲ ಓದಿದ್ರು. "ಮಠದ ಸ್ವತ್ತು ಅಂತ ನೀನೇ ಬರ್ದಿದೀಯ. ನಿನ್ನ ಅಕ್ಷರಾನೇ ತಾನೇ?"

"ಹೌದು ಬುದ್ಧೀ."

"ಹಂಗಾದ್ರೆ ಇದು ನಮ್ದೇ ಆಯ್ತಲ್ಲಪ್ಪ."

ಸರ್ವಮಂಗಳ ಸೆರಗಿನ ತುದಿ ಹಿಡ್ಕೊಂಡು ನೆಲ ನೋಡ್ತಿದ್ಲು. ಕೊಡಲ್ಲ ಅಂತ ಹೇಳೋಕೆ ನನಗೆ ಬಾಯಿಲ್ಲ, ಬರ್ದಿದ್ದು ನಾನೇ. ತಲೆ ತಗ್ಗಿಸಿ ಜೀಪಿನ ಹತ್ರ ಹೋಗಿ ಕೊಕ್ಕೆ ಬಿಚ್ಚೋಕೆ ಕೈ ಹಾಕ್ದೆ.

"ಅದ್ಯಾಕೆ ಬಿಚ್ತೀಯ?" ಅಂದ್ರು ಸ್ವಾಮಿಗಳು. "ಕಾಳು ಕಡ್ಡಿ ಇಳಿಸು, ಅದು ಜನ ಮಠಕ್ಕೆ ಕೊಟ್ಟಿದ್ದು. ಗಾಡಿ ನಮ್ದು ಅಂದ್ಮೇಲೆ ಅದು ಎಲ್ಲಿಗೆ ಹೋಗಬೇಕು ಅಂತ ನಾವು ಹೇಳ್ತೀವಿ. ಈ ಶನಿವಾರ ಹುಲಿಕೆರೆಗೆ ಹೋಗ್ಲಿ. ಈ ತಾಯಿ ಮೆಟ್ಲು ಇಳಿದು ಹತ್ತಿ ಬರೋವರೆಗೆ ಅದು ನಮ್ದು. ಆಮೇಲೆ ಅಕ್ಷರ ಅಳಿಸಿ ನಿಂದು ಮಾಡ್ಕೊ. ಯಾರಾದ್ರೂ ಕೇಳಿದ್ರೆ ನಾವೇ ಕಳಿಸಿದ್ವಿ ಅನ್ನು. ಆ ಚನ್ನಮ್ಮಂಗೂ ಅನ್ನು." ಹಾಗಂದು ಹೋಗಿ ಮತ್ತೆ ಅವರೆಕಾಯಿ ಮುಂದೆ ಕೂತ್ಕೊಂಡ್ರು.

ಶನಿವಾರ ಹೋದ್ವಿ. ಜಾವಗಲ್ ದಾಟೋವರೆಗೂ ನಾನು ಕನ್ನಡೀಲಿ ಹಿಂದೆ ಗಾಡಿ ಬರ್ತಿದ್ಯಾ ಅಂತ ನೋಡ್ತಾನೇ ಇದ್ದೆ. ಹುಲಿಕೆರೇಲಿ ಸರ್ವಮಂಗಳನ ಜೊತೆ ಓದಿದ್ದ ಒಬ್ಬರ ಕಣದಲ್ಲಿ ಗಾಡಿ ನಿಲ್ಲಿಸಿದ್ವಿ. ಬೆಳಗ್ಗೆ ಬಿಸಿಲು ಬರೋ ಮುಂಚೇನೇ ಅವಳು ಎದ್ದು, ತನ್ನ ಒಲೇಲಿ ಕಾಫಿ ಕಾಸಿ, ಎರಡು ಲೋಟ ಹಿಡ್ಕೊಂಡು ಕಲ್ಯಾಣಿ ಕಡೆ ನಡೆದ್ಲು. ನಾನು ಒಂದು ಲೋಟ ಇಸ್ಕೊಂಡು ದಂಡೆ ಮೇಲೇ ನಿಂತೆ. ಅಲ್ಲಿಂದ ಕಣ ಕಾಣುತ್ತೆ, ಕಣದಲ್ಲಿ ಗಾಡಿ ಕಾಣುತ್ತೆ. ಅವಳು ಅಡ್ಡಡ್ಡ ತಿರುಗಿ, ಒಂದು ಮೆಟ್ಲಿಗೆ ಎರಡೂ ಕಾಲು ಇಟ್ಟು, ಪಕ್ಕದ ಗುಡಿಗಳನ್ನ ಹಿಡ್ಕೊಂಡು ಹಿಡ್ಕೊಂಡು ಇಳಿದ್ಲು. ಗುಡಿಗಳಲ್ಲಿ ಎಷ್ಟೋ ಖಾಲಿ. ಒಳಗಿದ್ದ ದೇವರು ಯಾವಾಗ ಹೋದ್ವೋ ಯಾರಿಗೂ ಗೊತ್ತಿಲ್ಲ. ಆದ್ರೂ ಮೆಟ್ಲು ಇಳಿಯೋ ಒಬ್ಬಳಿಗೆ ಅವು ಹಿಡಿಯೋಕೆ ಸಿಗ್ತಿದ್ವು.

ಕೆಳಗೆ ಕೂತ್ಕೊಂಡು ತಲೆ ಎತ್ತಿದ್ಲು. "ರೀ, ಬರ್ತೀರೋ, ಅಲ್ಲೇ ಕಾವಲು ನಿಂತಿರ್ತೀರೋ?"

ಬೀಗ ಸರಪಣಿ ಎಲ್ಲಾ ಮನೇಲೇ ಬಿಟ್ಟು ಬಂದಿದ್ದೆ. ಒಂದ್ಸಲ ಕಣದ ಕಡೆ ನೋಡ್ದೆ, ಇಳಿದೆ. ಮೂರನೇ ಮೆಟ್ಲಿಗೇ ಗಾಡಿ ಮರೆಯಾಯ್ತು. ಕೆಳಗೆ ಹೋಗಿ ಅವಳ ಪಕ್ಕ ಕೂತೆ. ನೀರು ತಣ್ಣಗಿತ್ತು. ಎಷ್ಟು ಹೊತ್ತು ಕೂತಿದ್ವೋ, ಬಿಸಿಲು ಒಂದೊಂದೇ ಮೆಟ್ಲು ಇಳಿದು ನಮ್ಮ ಕಾಲಿಗೆ ಬಂದಾಗ್ಲೇ ಗೊತ್ತಾಗಿದ್ದು. ಗಾಡಿ ನೆನಪು ಒಂದ್ಸಲ ಬಂತು. ಎದ್ದು ನೋಡೋಣ ಅನ್ನಿಸ್ಲಿಲ್ಲ.

ಹತ್ತೋಕೆ ಅವಳಿಗೆ ತುಂಬಾ ಕಷ್ಟ ಆಯ್ತು. ನನ್ನ ಹೆಗಲು ಹಿಡ್ಕೊಂಡು, ನಡುನಡುವೆ ಕೂತು, ಮೇಲೆ ಬಂದ್ಲು. ಗಾಡಿ ಅಲ್ಲೇ ಇತ್ತು. ಬಾಗಿಲ ಮುಂದೆ ಯಾರೋ ನಾಲ್ಕು ಬದನೆಕಾಯಿ, ಒಂದು ಕಟ್ಟು ಕರಿಬೇವು ಇಟ್ಟು ಹೋಗಿದ್ರು.

ಅವುನ್ನ ಬರ್ತಾ ಮಠಕ್ಕೆ ಮುಟ್ಟಿಸಿ, ಮನೆಗೆ ಬಂದು ಥಿನ್ನರ್ ಹಾಕಿ ಅಕ್ಷರ ಅಳಿಸ್ದೆ. ಚಂದ್ರನ್ನೂ ಅಳಿಸೋಕೆ ಹೋದಾಗ ಸರ್ವಮಂಗಳ ಬೇಡ ಅಂದ್ಲು. ಹಾಗಾಗಿ ಸೂರ್ಯನೂ ಬಾಳೆಹಣ್ಣೂ ಇವತ್ತಿಗೂ ಇದಾವೆ. ಕೊಕ್ಕೆಗೆ ಒಂದೇ ಒಂದು ಬೀಗ ಇಟ್ಕೊಂಡಿದೀನಿ, ನಾನೇನು ಸನ್ಯಾಸಿ ಅಲ್ಲ. ಅದರ ಕೀಲಿ ಮಾತ್ರ ಅವಳ ಹತ್ರ. ಅವಳು ಇನ್ನು ಹುಲಿಕೆರೆ ಮೆಟ್ಲು ಇಳಿಯಲ್ಲ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಬೇಲೂರಲ್ಲಿ ಯಗಚಿ ಹೊಳೆ ಹತ್ರ ಎದ್ದೇಳೋಣ, ಅಲ್ಲಿ ಸಮತಟ್ಟು ಅಂತ ನೆನ್ನೆ ಹೇಳಿದ್ಲು. ಗಾಡಿ ಎಲ್ಲಿ ನಿಲ್ಲಿಸೋದು ಅಂತ ನನ್ನ ನಾಲಿಗೆ ತುದಿವರೆಗೂ ಬಂತು.

"ಎಷ್ಟು ಹೊತ್ತಿಗೆ ಹೊರಡೋದು?" ಅಂತ ಕೇಳ್ದೆ.