ಅರ್ಧ ಇಂಚು ಗಾಳಿ

ನಮ್ಮ ಭಾವನನ್ನು ಬೀದಿಯವರೆಲ್ಲ ಕರೆಯುವುದೇ ಅರ್ಧ ಇಂಚು ಮಾಸ್ತರು ಎಂದು. ಮೂವತ್ತು ವರ್ಷದಿಂದ ದರ್ಜಿ. ಯಾರ ಬಟ್ಟೆ ಹೊಲಿದರೂ ಒಳಗೆ ಅರ್ಧ ಇಂಚು ಬಿಟ್ಟು, "ನಾಳೆ ಮೈ ಬಂದ್ರೆ ಬಿಚ್ಚಿಕೊಳ್ಳೋಕೆ" ಅನ್ನುತ್ತಾರೆ. ತಮ್ಮ ಅಳತೆ ಒಮ್ಮೆಯೂ ತಪ್ಪಿಲ್ಲವೆಂಬ ಜಂಬ ಬೇರೆ. ಆ ಜಂಬ ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು.

ಅಕ್ಕನಿಗೆ ಎರಡು ವರ್ಷದಿಂದ ಶ್ವಾಸಕೋಶದ ಕಾಯಿಲೆ. ಕಳೆದ ಚಳಿಗಾಲದಲ್ಲಿ ಎರಡು ಸಲ ಆಸ್ಪತ್ರೆ ಸೇರಿ ಬಂದಳು. "ಇನ್ನೊಂದು ಸಲ ಎದೆಗೆ ಥಂಡಿ ಹತ್ತಿದ್ರೆ ನಾನೇನೂ ಹೇಳಲಾರೆ" ಎಂದುಬಿಟ್ಟರು ಡಾಕ್ಟರು. ಮನೆಯಲ್ಲಿರುವುದು ಎರಡೇ ಕೋಣೆ. ಒಳಗಿನದರಲ್ಲಿ ಹೊಲಿಗೆ ಯಂತ್ರ ಮತ್ತು ಬಟ್ಟೆಯ ಧೂಳು, ಅಲ್ಲಿ ಅವಳಿಗೆ ಉಸಿರಾಡಲು ಆಗದು. ಮುಂದಿನ ಕೋಣೆಯಲ್ಲಿ ಮಲಗಿಸಿದರೆ ಗಾಳಿಯ ಕಾಟ. ವೆರಾಂಡದ ಹೊರಬಾಗಿಲನ್ನು ಗೆದ್ದಲು ತಿಂದು, ಬರೀ ಚೌಕಟ್ಟು ಉಳಿದಿತ್ತು. ಅಲ್ಲಿ ನುಗ್ಗಿದ ಗಾಳಿ ಒಳಬಾಗಿಲ ಸಂದಿಯಲ್ಲಿ ತೂರಿ ನೇರವಾಗಿ ಅಕ್ಕನ ಮಂಚಕ್ಕೇ ಬರುತ್ತಿತ್ತು. ಗೋಣಿಚೀಲ ಕಟ್ಟಿ ನೋಡಿದೆವು, ಕಂಬಳಿಗೆ ಮೊಳೆ ಹೊಡೆದೆವು. ಗಾಳಿ ಯಾವುದಕ್ಕೂ ಜಗ್ಗಲಿಲ್ಲ.

ಎಂಥ ಬಾಗಿಲು ಹಾಕಿಸಬೇಕು ಎಂದು ಭಾವ ಅಂಗಡಿ ಅಂಗಡಿ ಅಲೆದರು. ತಗಡಿನದು ಚಳಿಗೆ ಕೊರೆಯುತ್ತದೆ, ಪ್ಲಾಸ್ಟಿಕ್ಕಿನದು ಗಾಳಿಗೆ ಬಾಗುತ್ತದೆ. ಕೊನೆಗೆ ಬಡಗಿ ದಾರಿ ತೋರಿಸಿದ.

"ದಪ್ಪ ಮರದ್ದು ಮಾಡಿಸಿ ಮಾಸ್ತರೇ. ಹೊರಕ್ಕೆ ತೆರೆಯೋ ಹಾಗಿರಲಿ. ಗಾಳಿ ನೂಕಿದಷ್ಟೂ ಚೌಕಟ್ಟಿಗೆ ಅದುಮಿಕೊಳ್ಳುತ್ತೆ. ಸಂದಿ ಮಾತ್ರ ಇರಬಾರದು. ಗುರುವಾರ ಬಂದು ಅಳತೆ ತಗೋತೀನಿ."

"ಗುರುವಾರದವರೆಗೆ ಯಾರು ಕಾಯ್ತಾರೆ? ಅಳತೆ ತೆಗೆಯೋದನ್ನ ನನಗೆ ಹೇಳಿಕೊಡ್ತೀಯೇನಯ್ಯ?" ಎಂದು ಭಾವ ಕೊರಳಿನ ಟೇಪು ಎಳೆದುಕೊಂಡರು. ಅಗಲ ಮೂವತ್ತಾರು ಎಂದು ಚೀಟಿ ಬರೆದು ಅಂದೇ ಕೊಟ್ಟು ಬಂದರು. ಅಕ್ಕ ಕೇಳಿದ್ದು ಒಂದೇ, "ರೀ, ಮೇಲ್ಗಡೆ ಒಂಚೂರು ಗಾಜು ಹಾಕಿಸಿ. ಬೀದಿ ಕಾಣಲಿ."

ಬಾಗಿಲು ಬರುವಷ್ಟರಲ್ಲಿ ಚಳಿಗಾಳಿ ಶುರುವಾಗಿತ್ತು. ಬಡಗಿ ಕೂರಿಸಿ, ಹಿಂದೆ ಸರಿದು ನೋಡಿದ. ಚಿಲಕದ ಕಡೆ ಮೇಲಿನಿಂದ ಕೆಳಗಿನವರೆಗೂ ಬೆಳಕು ಕಾಣುತ್ತಿತ್ತು. ಭಾವ ಸಂದಿಗೆ ಬೆರಳು ತೂರಿಸಿದರು. ಬೆರಳು ಆಚೆ ಹೋಯಿತು.

"ನೀನೇ ಕಡಿಮೆ ಕೊಯ್ದಿದೀಯ," ಎಂದರು.

ಬಡಗಿ ವಾದಕ್ಕೆ ನಿಲ್ಲಲಿಲ್ಲ. ತನ್ನ ಉಕ್ಕಿನ ಟೇಪನ್ನು ನೆಲದ ಮೇಲೆ ಚಾಚಿ, ಪಕ್ಕದಲ್ಲಿ ಭಾವನ ಟೇಪು ಹಾಸಿದ. ಭಾವನ ಮೂವತ್ತಾರು ಅವನ ಮೂವತ್ತಾರೂವರೆಗೆ ಬಂದು ನಿಂತಿತು. "ಎಳೆದೂ ಎಳೆದೂ ಉದ್ದ ಆಗಿದೆ ಮಾಸ್ತರೇ. ಇದರಲ್ಲೇ ಅಳೆದು ಇದರಲ್ಲೇ ಕತ್ತರಿಸ್ತೀರಿ, ಬಟ್ಟೆಯಲ್ಲಿ ತಪ್ಪು ಹೇಗೆ ಗೊತ್ತಾಗಬೇಕು? ಪಟ್ಟಿ ಕೊಯ್ದು ತಂದು ಕೂಡಿಸ್ತೀನಿ. ನಾಲ್ಕು ದಿನ ಆಗುತ್ತೆ."

ಒಳಗೆ ಅಕ್ಕ ಕೆಮ್ಮುತ್ತಿದ್ದಳು. ನಾಲ್ಕು ದಿನ ಎಂದರೆ ಏನೆಂದು ನನಗೆ ಗೊತ್ತಿತ್ತು. ಇವತ್ತು ಈ ಮನುಷ್ಯನಿಗೆ ನಾಲ್ಕು ಮಾತು ಅಂದೇಬಿಡಬೇಕು ಎಂದು ತಿರುಗಿದೆ. ಭಾವ ಎರಡು ಟೇಪುಗಳನ್ನೇ ನೋಡುತ್ತಿದ್ದರು, ಮುಖ ಅರಳಿತ್ತು.

"ಅಂದ್ರೆ ನಿಮ್ಮಕ್ಕನ ಅಳತೆಯೂ ಇದೇ ಟೇಪಿನದು," ಎಂದರು.

ಆಗ ಅರ್ಥವಾಯಿತು. ತಿಂಗಳಿಗೊಮ್ಮೆ ಅಕ್ಕನ ಎದೆ ಅಳೆದು, ಅವಳ ಅಂಗಿಯನ್ನು ಒಳಗೆ ಹಿಡಿದು ಹೊಲಿಯುತ್ತಿದ್ದವರು ಅವರೇ. ಮೂವತ್ತಾರರಿಂದ ಇಳಿದೂ ಇಳಿದೂ ಈಗ ಮೂವತ್ತೊಂದು. ಅವಳು ಕರಗಿಲ್ಲ, ಟೇಪು ಬೆಳೆದಿದೆ ಎಂದುಕೊಂಡುಬಿಟ್ಟರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಟೇಪು ಬೆಳೆದದ್ದು ಅರ್ಧ ಇಂಚು, ಅಕ್ಕ ಇಳಿದದ್ದು ಐದು, ಲೆಕ್ಕ ಕೂಡುವುದಿಲ್ಲ. ಆದರೂ ಒಂದು ಗಳಿಗೆ ನಾನೂ ನಂಬಿದೆ, ಸುಳ್ಳೇಕೆ ಹೇಳಲಿ.

ಭಾವ ಬಡಗಿಯ ಟೇಪು ಕಸಿದುಕೊಂಡು ಒಳಗೆ ಹೋದರು. ಉಕ್ಕಿನ ಟೇಪು ಮೈಸುತ್ತ ಬಾಗುವುದಿಲ್ಲವೆಂದು ಅಕ್ಕನ ಎದೆಗೆ ದಾರ ಸುತ್ತಿ, ಗುರುತು ಹಾಕಿ, ದಾರವನ್ನು ಟೇಪಿನ ಮೇಲೆ ಹಿಡಿದರು. ಮತ್ತೆ ಸುತ್ತಿದರು, ಮತ್ತೆ ಹಿಡಿದರು. ನಾನು ಬಗ್ಗಿ ನೋಡಿದೆ. ಮೂವತ್ತೊಂದೂವರೆ.

"ಎಷ್ಟಾಯ್ತು ರೀ?" ಅಕ್ಕ ಕೇಳಿದಳು.

ಭಾವ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಅರ್ಧ ಇಂಚು ಹೆಚ್ಚಾಗಿದೀಯ."

"ಹೌದಾ? ಹಾಗಾದ್ರೆ ಬಿಚ್ಚಿ. ಮೈ ಬಂದ್ರೆ ಬಿಚ್ಚೋಕೆ ಅಂತ ತಾನೇ ಬಿಟ್ಟಿರೋದು," ಎಂದು ಅಕ್ಕ ನಕ್ಕಳು. ನಗು ಕೆಮ್ಮಾಯಿತು.

ಮೊದಲೇ ಅವಳ ಮೈಮೇಲೆ ಜೋತಾಡುತ್ತಿದ್ದ ಅಂಗಿಯನ್ನು ಭಾವ ತೊಡೆಯ ಮೇಲೆ ಹಾಕಿಕೊಂಡು, ಅವಳು ನೋಡುತ್ತಿರುವಂತೆಯೇ ಒಂದೊಂದಾಗಿ ಹೊಲಿಗೆ ಬಿಚ್ಚಿದರು. ಕತ್ತರಿಸಿದ ದಾರದ ಚೂರುಗಳು ಹೊಸ ಬಾಗಿಲಿನ ಸಂದಿಯ ಗಾಳಿಗೆ ಮಂಚದ ಕಡೆಗೇ ಹಾರುತ್ತಿದ್ದವು.