ಈಜು ಟೀಚರ್ ಎದೆಯ ಚಿತ್ರ

ಈಜುಕೊಳಕ್ಕೆ ಬರುವ ಮಕ್ಕಳು ಬೆನ್ನ ಹಿಂದೆ ಅವಳನ್ನು ‘ಮೊಸಳೆ’ ಎನ್ನುತ್ತಿದ್ದರು. ಅರ್ಧ ಆಯಸ್ಸು ಈಜು ಕಲಿಸುವುದರಲ್ಲೇ ಕಳೆದ ಹೆಂಗಸು, ಬಾಯಿ ಜೋರು. ಈ ತುದಿಯಲ್ಲಿ ಮುಳುಗಿ ಆ ತುದಿಯಲ್ಲಿ ಏಳುವುದು ಅವಳಿಗೆ ಲೀಲಾಜಾಲ. ಅಂಥವಳಿಗೆ ಆ ವರ್ಷ ನಾಲ್ಕಾರು ಮೆಟ್ಟಿಲು ಹತ್ತಿದರೂ ಏದುಸಿರು. ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ.

“ಎಲ್ಲಾ ನಿನ್ನ ತಲೇಲಿದೆ,” ಎಂದ ಗಂಡ. “ಕೆಲಸ ಬಿಡು ಅಂದ್ರೆ ಕೇಳಲ್ಲ. ಈಗ ನಾಟಕ.”

ಬಡಾವಣೆಯ ಡಾಕ್ಟರು ಗಂಡನ ಮಾತಿಗೇ ತಲೆಯಾಡಿಸಿ ನಿದ್ದೆ ಮಾತ್ರೆ ಬರೆದರು. ತಿಂಗಳುಗಟ್ಟಲೆ ನುಂಗಿದಳು. ಒಂದು ಬೆಳಿಗ್ಗೆ ಪಾಠದ ನಡುವೆ ಕಣ್ಣು ಕತ್ತಲಿಟ್ಟು ಕೊಳದ ಅಂಚಿನಲ್ಲಿ ಕುಸಿದಳು. ಅವಳ ಅಕ್ಕ ಬಂದು ದೊಡ್ಡಾಸ್ಪತ್ರೆಗೆ ಸೇರಿಸಿದಳು. ಎಕೋ ಪರೀಕ್ಷೆಯಲ್ಲಿ ಹೃದಯದ ಬಲಗಡೆ ಏನೋ ಉಂಡೆಯಂಥದು ಕಂಡಿತು. ಹೆಪ್ಪುಗಟ್ಟಿದ ರಕ್ತವೋ ಗೆಡ್ಡೆಯೋ, ಎಂಆರ್‌ಐ ಮಾಡಿದರೇ ತಿಳಿಯುವುದು ಎಂದರು.

ಯಂತ್ರದ ಕೊಳವೆಯೊಳಗೆ ಮಲಗಿದವಳಿಗೆ ಟೆಕ್ನಿಷಿಯನ್ ಹುಡುಗಿ ಮೈಕಿನಲ್ಲಿ ಹೇಳಿದಳು: “ಉಸಿರು ಬಿಟ್ಟು ಹಾಗೇ ಹಿಡ್ಕೊಳ್ಳಿ. ಎದೆ ಅಲ್ಲಾಡಿದ್ರೆ ಚಿತ್ರ ಕದಡುತ್ತೆ.”

ಯಂತ್ರ ತಗಡು ಬಡಿದಂತೆ ಬಡಿಯತೊಡಗಿತು. ಅದು ನಿಲ್ಲುವ ಮೊದಲೇ ಅವಳು ತಡೆಯಲಾರದೆ ಉಸಿರೆಳೆದುಕೊಂಡಳು. ಮತ್ತೊಮ್ಮೆ ಮಾಡಿದಾಗಲೂ ಅಷ್ಟೇ.

“ಇನ್ನೊಂಚೂರು ಹಿಡೀಬೇಕಿತ್ತು ಮೇಡಂ.”

“ನನಗೆ ಉಸಿರು ಹಿಡಿಯೋದು ಹೇಳ್ಕೊಡ್ತೀಯಾ?” ಎಂದು ರೇಗಿದಳು. ಆಮೇಲೆ ಅಳು ಬಂತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಹುಡುಗಿ ನಡುನಡುವೆ ಅವಳಿಗೆ ಸುಧಾರಿಸಿಕೊಳ್ಳಲು ಬಿಟ್ಟು, ತುಂಡು ತುಂಡಾಗಿ ಚಿತ್ರ ತೆಗೆದಳು.

ಮಾರನೆಯ ದಿನ ಹೃದಯದ ಡಾಕ್ಟರು ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಭಾಗ ತೋರಿಸಿದರು. “ಹೆಪ್ಪುಗಟ್ಟಿದ ರಕ್ತ ಆಗಿದ್ರೆ, ಚಿತ್ರಕ್ಕೆ ಅಂತ ನಾವು ಕೊಟ್ಟ ಇಂಜೆಕ್ಷನ್ ಮದ್ದು ಅದರೊಳಗೆ ಇಳೀತಿರಲಿಲ್ಲ. ಇದು ಹೀರ್ಕೊಂಡಿದೆ. ಗೆಡ್ಡೆ. ಹೃದಯದ ಗೋಡೆಯೊಳಗೂ ಹೊಕ್ಕಿದೆ.”

“ತೆಗೀಬಹುದಾ?” ಎಂದಳು.

“ಮೊದಲೇ ಬಂದಿದ್ರೆ ನೋಡಬಹುದಿತ್ತೇನೋ.”

ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂಬುದೂ ಖಚಿತವಾಯಿತು. ಅಂದಿನಿಂದ ಗಂಡ ಅವಳ ಕಾಲಬುಡ ಬಿಟ್ಟು ಏಳಲಿಲ್ಲ. ಮಾತ್ರೆ ಕೊಟ್ಟ, ಬಾತ ಪಾದ ಒತ್ತಿದ. ಒಂದು ಮಧ್ಯಾಹ್ನ ಬಿಕ್ಕುತ್ತಾ, “ನನಗೇನು ಗೊತ್ತಿತ್ತು ಹೇಳು,” ಎಂದ.

“ನಾನು ಹೇಳಿದ್ನಲ್ಲ,” ಎಂದು ಅವಳು ಕಾಲು ಎಳೆದುಕೊಂಡಳು.

ಮದ್ದು ನಾಟಲಿಲ್ಲ. ಕೂದಲು ಹೋಯಿತು, ದನಿ ಹೋಯಿತು, ಕೊಳದ ಮಕ್ಕಳ ಬೇಸಿಗೆ ರಜೆ ಮುಗಿಯುವ ಮೊದಲೇ ಅವಳೂ ಹೋದಳು. ಮನೆ ತುಂಬ ಜನ ಕೂತಿದ್ದಾಗ ಗಂಡ ಕಣ್ಣೊರೆಸಿಕೊಂಡು, “ಎಂಥಾ ಗಟ್ಟಿಗಿತ್ತಿ ಅಂತೀರಿ, ನೋವು ಅಂತ ಒಂದು ದಿನ ಬಾಯಿ ಬಿಡಲಿಲ್ಲ,” ಎಂದ. ಅಕ್ಕ ಎದ್ದು ಒಳಗೆ ಹೋಗಿ, ತಂಗಿಯ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಅವನಿಗೆ ಹೋಗಿಬರುತ್ತೇನೆ ಎಂದೂ ಹೇಳದೆ ಹೊರಟುಹೋದಳು.